ಮಾದಿ ಹೆತ್ತೆ ಟೀಚರಮ್ಮ ಆದದ್ದು

ನನ್ನ ಅತ್ತೆ ಮಾದಿಗೆ ಇಡೀ ಜೀವನದಲ್ಲಿ ಒಂದೇ ಒಂದು ಸಲ ಒಬ್ಬರು "ನಿಮ್ಮ ಮುಖ ಎಷ್ಟು ಚಂದ" ಎಂದರು. ಅಂದವರು ಅವರ ಒಡಹುಟ್ಟಿದ ತಂಗಿ. ಅದಕ್ಕೆ ಅತ್ತೆ ಕೊಟ್ಟ ಉತ್ತರವನ್ನು ಇಲ್ಲಿ ಬರೆಯುವ ಹಾಗಿಲ್ಲ.

ನಾನು ಕಮಲಂ. ಕಟ್ಟಬೆಟ್ಟಿಗೆ ಸೊಸೆಯಾಗಿ ಬಂದ ದಿನದಿಂದ ಈ ಹೆಂಗಸಿನ ಬಾಯಿಗೆ ಸಿಕ್ಕಿ ಹಣ್ಣಾಗಿದ್ದೇನೆ. ಅವರ ಕಥೆ ಹೇಳುವ ಅಧಿಕಾರ ನನಗಿಲ್ಲದೆ ಇನ್ನಾರಿಗಿದೆ? ನಾನು ಅವರನ್ನು ಮಾಮಿ ಎನ್ನುತ್ತೇನೆ, ನನ್ನ ಮಗಳು ಸರಣ್ಯಾ ಹೆತ್ತೆ, ಅಂದರೆ ಅಜ್ಜಿ, ಎನ್ನುತ್ತಾಳೆ. ಎಂಬತ್ತು ಹತ್ತಿರ ಬಂದರೂ ನಮ್ಮ ತುಂಡು ತೋಟದ ಟೀ ಎಲೆಯನ್ನು ತಾವೇ ಕೀಳಬೇಕು, ಚೀಲ ತಾವೇ ಹೊರಬೇಕು, ಎಲೆ ತೂಗುವವನನ್ನು ತಾವೇ ಬೈಯಬೇಕು. ನಾನು ಮಾಡಿದ ಸಾರು ಒಂದು ದಿನವೂ ಸರಿಯಿಲ್ಲ. ಆದರೆ ಅದನ್ನು ಹೇಳುವುದು ಮಾತ್ರ ತಟ್ಟೆ ಖಾಲಿಯಾದ ಮೇಲೆ.

ಮಾಮಿಯ ಹಣೆಯಲ್ಲಿ ಹಚ್ಚೆಯಿದೆ. ನಮ್ಮಲ್ಲಿ ಆ ಕಾಲದ ಹೆಂಗಸರಿಗೆಲ್ಲ ಚುಚ್ಚಿಸುತ್ತಿದ್ದರು. ನಡುವೆ ಒಂದು ಸುತ್ತು, ಅಕ್ಕಪಕ್ಕ ಚುಕ್ಕೆ, ಕೆಳಗೊಂದು ಗೆರೆ. ಈಗ ಬಣ್ಣ ಮಾಸಿ ಸುಕ್ಕಿನ ಜೊತೆ ಸೇರಿಹೋಗಿದೆ, ಹತ್ತಿರ ಹೋಗಿ ನೋಡಬೇಕು. ತಂಗಿ ನಂಜಿಯನ್ನು ಇತ್ತಲಾರು ಎಂಬ ಊರಿಗೆ ಮದುವೆ ಮಾಡಿ ಕೊಟ್ಟದ್ದು. ಅವರಿಗೆ ಎರಡು ವರ್ಷದಿಂದ ಮರೆವಿನ ಕಾಯಿಲೆ. ಮಗನ ಹೆಸರು ಹೋಯಿತು, ಸೊಸೆ ಮಲರ್‌ಕೊಡಿಯನ್ನು ಆಸ್ಪತ್ರೆಯ ನರ್ಸ್ ಎಂದುಕೊಂಡಿದ್ದಾರೆ. ಹಾಗಿದ್ದೂ ಹೋದ ಸಲ ಮಾಮಿ ನೋಡಲು ಹೋದಾಗ ನಂಜಿ ಅವರ ಹಣೆಯ ಹಚ್ಚೆಯನ್ನು ಹೆಬ್ಬೆರಳಲ್ಲಿ ಮೆಲ್ಲಗೆ ಸವರಿ, "ಅಕ್ಕ" ಎಂದರಂತೆ. ಮನೆಗೆ ಬಂದ ಮಾಮಿ ಅದನ್ನು ಹೇಳುತ್ತಾ ಆ ದಿನ ನನ್ನ ಸಾರಿಗೆ ಏನೂ ಅನ್ನಲಿಲ್ಲ.

ಆಮೇಲೆ ಮಳೆಯಲ್ಲಿ ತೋಟದ ಮೆಟ್ಟಿಲಲ್ಲಿ ಜಾರಿ ಮಾಮಿಯ ಮೊಣಕಾಲು ಹೋಯಿತು. ಡಾಕ್ಟರು ಬಸ್ಸೇ ಹತ್ತಬೇಡಿ ಎಂದರು. ನಂಜಿಯ ಮನೆಗಂತೂ ರಸ್ತೆಯಿಂದ ಕೆಳಗೆ ಬರೀ ಮೆಟ್ಟಿಲು. ಅತ್ತ ಮಲರ್‌ಕೊಡಿ ಫೋನ್ ಮಾಡಿ, "ದಿನಾ ಅಕ್ಕ ಎಲ್ಲಿ ಅಂತ ಕೇಳ್ತಾರೆ ಕಮಲಕ್ಕ, ಇನ್ನೂ ಎಷ್ಟು ದಿನ ಕೇಳ್ತಾರೋ ಗೊತ್ತಿಲ್ಲೆ" ಎಂದಳು.

ಮಾಮಿ ಮಂಚದ ಮೇಲೆ ಕೂತು ಕಾಲನ್ನು ಬೈದರು, ಡಾಕ್ಟರನ್ನು ಬೈದರು, ನನ್ನನ್ನೂ ಬೈದರು. ಕೊನೆಗೆ ಸಣ್ಣ ದನಿಯಲ್ಲಿ, "ಅವಳು ಎನ್ನ ಮರೆಯೋ ಮುಂಚೆ ಇನ್ನೊಂದು ಸಲ ಅಕ್ಕ ಅನ್ನಲಿ ಕಮಲಾ, ಎನಗ ಬೇರೆ ಏನೂ ಬೇಡ" ಎಂದರು. ಈ ಬಾಯಿಂದ ಇಂಥ ಮಾತು ಬಂದದ್ದು ಕೇಳಿ ನನಗೆ ಹೆದರಿಕೆಯೇ ಆಯಿತು.

ಮನೆಯಲ್ಲಿ ಸರಣ್ಯಾ ಬಿಟ್ಟುಹೋದ ಹಳೆಯ ಸೆಲ್ಲು ಇತ್ತು. ಅವಳು ಕೊಯಮತ್ತೂರಿನ ಕಾಲೇಜಿಗೆ ಹೊಸದು ತೆಗೆದುಕೊಂಡಿದ್ದಳು. ಮಾಮಿ ಮುಖ ತೊಳೆದು, ಒಗೆದ ಬಿಳಿ ಮಂಡೆಪಟ್ಟನ್ನು ತಲೆಗೆ ಬಿಗಿದು, ಮದುವೆಗೆ ಹೊರಟವರಂತೆ ಕೂತರು. ನಾನು ವೀಡಿಯೋ ಕಾಲ್ ಹಾಕಿ ಸೆಲ್ಲನ್ನು ಬೂಸ್ಟ್ ಡಬ್ಬಿಗೆ ಒರಗಿಸಿದೆ. ನಂಜಿಯ ಮುಖ ಬಂತು. ಅವರು ತುಂಬ ಹೊತ್ತು ನೋಡಿ ಕೈಮುಗಿದರು.

"ನಿಂಗ ದಾರಮ್ಮ?" ಯಾರು ನೀವು, ಎಂದು. "ಸ್ಕೂಲ್ ಟೀಚರಾ?"

"ನಾ ಕಣೇ, ಮಾದಿ!"

ನಂಜಿ ಬಾಯಿ ಮುಚ್ಚಿಕೊಂಡು ನಕ್ಕರು. "ತಮಾಷೆ ಮಾಡ್ತೀರಾ. ಎನ್ನ ಅಕ್ಕನ ಹಣೇಲಿ ಹಚ್ಚೆ ಇದೆ. ನಿಂಗ ಹಣೆ ಇಡ್ಲಿ ಹಾಗೆ ನುಣ್ಣಗಿದೆ. ನಿಂಗ ಮುಖ ಎಷ್ಟು ಚಂದ!"

ನಾನು ಕನ್ನಡಕ ಹಾಕಿಕೊಂಡು ಸೆಲ್ಲಿನ ಮೂಲೆಯಲ್ಲಿದ್ದ ಸಣ್ಣ ಚಿತ್ರ ನೋಡಿದೆ. ಅಯ್ಯೋ ಶಿವನೇ! ಅಲ್ಲಿ ಕೂತಿದ್ದವರು ಮಾಮಿಯಲ್ಲ. ಬೆಳ್ಳಗೆ, ತುಟಿ ಕೆಂಪಗೆ, ಸುಕ್ಕಿಲ್ಲದ, ಹಚ್ಚೆಯಿಲ್ಲದ ಯಾರೋ ಹೆಂಗಸು. ತಲೆಗೆ ನಮ್ಮ ಮಂಡೆಪಟ್ಟು ಕಟ್ಟಿಕೊಂಡು ನಮ್ಮ ಮಾಮಿಯ ಬೈಗುಳ ಬೈಯುತ್ತಿದ್ದಳು.

ನಾನು ಸೆಲ್ಲನ್ನು ಒರೆಸಿದೆ, ಆರಿಸಿ ಹಚ್ಚಿದೆ, ಒಂದೆರಡು ಸಲ ತಟ್ಟಿದೆ. ಸರಣ್ಯಾಗೆ ಫೋನ್ ಮಾಡಿದರೆ, "ಪರೀಕ್ಷೆ ಇದೆ ಅಮ್ಮ, ಶನಿವಾರ ಬಂದು ನೋಡ್ತೀನಿ" ಎಂದಳು. ಶನಿವಾರದವರೆಗೆ ಕಾಯುವ ಜಾತಿ ಮಾಮಿಯದಲ್ಲ. ಮಾರನೆಯ ದಿನ ಕಣ್ಣಿನ ಕಾಡಿಗೆ ತೆಗೆದುಕೊಂಡು ಹಚ್ಚೆಯ ಮೇಲೆಯೇ ದಪ್ಪಗೆ ತಿದ್ದಿಸಿಕೊಂಡರು. ನಾನು ತಿದ್ದಿದ ಸುತ್ತು ಮೊಟ್ಟೆಯಂತಾಯಿತು. ಕಾಡಿಗೆಯನ್ನು ಸೆಲ್ಲು ಅಳಿಸಲಿಲ್ಲ. ನಾವು ಗೆದ್ದೆವು ಎಂದುಕೊಂಡೆವು.

"ಪಾವ!" ಎಂದು ಮರುಗಿದರು ನಂಜಿ. "ಟೀಚರಮ್ಮ, ಕಾಡಿಗೆ ಎಲ್ಲ ಹಣೆಗೆ ಬಳಿದುಕೊಂಡಿದ್ದೀರಿ. ಮನೇಲಿ ಕನ್ನಡಿ ಇಲ್ಲವಾ?"

ಮಾಮಿ ನನ್ನತ್ತ ದುರುಗುಟ್ಟಿ ನೋಡಿದರು, ನಂಜಿ ಮಾತು ಮುಂದುವರಿಸಿದರು.

"ಕನ್ನಡಿ ಇಲ್ಲದ ಕಷ್ಟ ಎನಗ ಗೊತ್ತು. ಅವ್ವೆ ಎನಗ ಅಂತ ಇಟ್ಟ ಕನ್ನಡಿನ ಎನ್ನ ಅಕ್ಕ ಮದುವೆ ಪೆಟ್ಟಿಗೇಲಿ ಹಾಕ್ಕೊಂಡು ಹೋದಳು. ಅಂಥವಳು ಅವಳು!"

"ಸುಳ್ಳು! ಆ ಕನ್ನಡಿ ಒಡೆದವಳೇ ನೀನು!" ಮಾಮಿ ಮಂಚದಿಂದ ಅರ್ಧ ಎದ್ದರು.

ನಂಜಿ ಹುಬ್ಬು ಗಂಟಿಕ್ಕಿದರು. "ನಿಂಗ ಅಲ್ಲಿ ಇದ್ದಿರಾ ಟೀಚರಮ್ಮ? ಇಲ್ಲೆ ಅಂದ ಮೇಲೆ ಸುಮ್ಮನಿರಬೇಕು."

ಮಾಮಿಯನ್ನು ಸುಮ್ಮನಿರು ಎಂದವರು ಬದುಕಿ ಉಳಿದದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು.

ಸೆಲ್ಲು ಸುಳ್ಳು ಹೇಳಿದರೂ ಕನ್ನಡಿ ಹೇಳುವುದಿಲ್ಲ ಎಂದು ಮಾಮಿಗೆ ಒಂದು ಯೋಚನೆ ಬಂತು. ಗೋಡೆಯ ಕನ್ನಡಿಯನ್ನು ಕಳಚಿ ಅವರ ಮುಖದ ಪಕ್ಕದಲ್ಲಿ ಹಿಡಿಯಬೇಕು, ಸೆಲ್ಲಿನೊಳಗೆ ಕನ್ನಡಿ ಕಾಣಬೇಕು, ಕನ್ನಡಿಯೊಳಗೆ ನಿಜವಾದ ಮಾಮಿ ಕಾಣಬೇಕು. ನಾನು ಕೈ ನೋಯುವವರೆಗೂ ಹಿಡಿದು ನಿಂತೆ. ಹಾಳಾದ ಸೆಲ್ಲು ಕನ್ನಡಿಯೊಳಗಿನ ಮುಖವನ್ನೂ ಹುಡುಕಿ ಬೆಳ್ಳಗೆ ಮಾಡಿಬಿಟ್ಟಿತು.

"ಇವತ್ತು ಇಬ್ಬರು ಟೀಚರು ಬಂದಿದ್ದಾರೆ," ಎಂದು ನಂಜಿ ಸಂಭ್ರಮದಿಂದ ಒಳಗೆ ಕೂಗಿದರು. "ನರ್ಸಮ್ಮ, ಇನ್ನೊಂದು ಲೋಟ ಕಾಪಿ!" ಮಲರ್‌ಕೊಡಿ ನಿಜವಾಗಿಯೂ ಎರಡು ಲೋಟ ತಂದು ಸೆಲ್ಲಿನ ಮುಂದಿಟ್ಟಳು. ಇಡದಿದ್ದರೆ ನಂಜಿ ಬಿಡುವುದಿಲ್ಲವಂತೆ.

ಆಮೇಲೆ ಅದೇ ನಡೆಯಿತು. ಮಾಮಿ ದಿನಾ ಮುಖ ತೊಳೆದು, ಮಂಡೆಪಟ್ಟು ಕಟ್ಟಿ, ತಮ್ಮ ಮೇಲಿನ ಚಾಡಿ ಕೇಳಲು ಕೂರುತ್ತಿದ್ದರು. ಅಕ್ಕ ಮೊಂಡಿ, ಅಕ್ಕನಿಗೆ ಬೇರೆಯವರ ಅಡಿಗೆ ಸೇರುವುದಿಲ್ಲ, ಅಕ್ಕ ಒಳ್ಳೆಯ ಮಾತು ಆಡಿದರೆ ನಾಲಿಗೆ ಬಿದ್ದುಹೋಗುತ್ತದೆ. ನಾನು ಬಾಗಿಲ ಹಿಂದೆ ನಿಂತು ಒಂದೊಂದು ಮಾತಿಗೂ ತಲೆಯಾಡಿಸಿದೆ. ಇಷ್ಟು ವರ್ಷದಲ್ಲಿ ನನ್ನ ಕಷ್ಟ ಅರ್ಥವಾದ ಒಬ್ಬರು ಸಿಕ್ಕರಲ್ಲ ಎಂದು ಖುಷಿಯಾಯಿತು.

ಶುಕ್ರವಾರ ಮಾತ್ರ ನಂಜಿ ಚಾಡಿ ಹೇಳಲಿಲ್ಲ. ಸೆರಗಿನ ಅಂಚು ಸುತ್ತುತ್ತಾ, "ಟೀಚರಮ್ಮ, ಎನ್ನ ಮೊದಲ ಕೂಸು ಹೋಯ್ತು. ಗಂಡುಕೂಸು" ಎಂದರು. "ಆಗ ಅಕ್ಕ ಬಂದಳು. ಒಂದು ಮಾತು ಆಡಲಿಲ್ಲೆ. ಎನ್ನ ತಲೆ ಬಾಚಿದಳು, ಎನಗ ಉಣ್ಣಿಸಿದಳು, ಎನ್ನ ತೋಟದ ಎಲೆ ಕಿತ್ತಳು. ನಾ ಅವಳನ್ನೇ ಬೈದೆ. ನಿನ್ನ ಮಕ್ಕಳೆಲ್ಲ ಬದುಕಿವೆ, ನಿನಗೇನು ಗೊತ್ತು ಅಂದೆ. ಅವಳು ಕೇಳದ ಹಾಗೆ ಬಾಚ್ತಾನೇ ಇದ್ದಳು. ಅಕ್ಕ ಇಲ್ಲದಿದ್ದರೆ ನಾ ಆಗಲೇ ಸತ್ತುಹೋಗ್ತಿದ್ದೆ. ಇದನ್ನ ಅವಳಿಗೆ ಹೇಳೇ ಇಲ್ಲೆ. ಅವಳ ಎದುರು ಬಾಯಿ ಬರೋದಿಲ್ಲೆ."

ಕಾಲ್ ಮುಗಿದ ಮೇಲೂ ಮಾಮಿ ಖಾಲಿ ಸೆಲ್ಲನ್ನೇ ನೋಡುತ್ತಾ ಕೂತಿದ್ದರು. ನಾನು ಕಾಪಿ ಕೊಟ್ಟೆ, ಸಕ್ಕರೆ ಮರೆತಿದ್ದೆ. ಅವರು ಅದನ್ನೂ ಕುಡಿದರು.

ಶನಿವಾರ ಸರಣ್ಯಾ ಬಂದಳು. ಸೆಲ್ಲು ನೋಡಿ ಹೊಟ್ಟೆ ಹಿಡಿದು ನಕ್ಕಳು. "ಅಯ್ಯೋ, ನಾನು ಹಾಕಿದ ಬ್ಯೂಟಿ ಫಿಲ್ಟರ್ ಹಾಗೇ ಇದೆ! ಇದು ಕಲೆ ಅಂತ ಕಂಡದ್ದನ್ನೆಲ್ಲ ಒರೆಸಿಬಿಡುತ್ತೆ." ಒಂದೇ ಬೆರಳು ಆಡಿಸಿದಳು, ಅಷ್ಟೇ. ಸುಕ್ಕು, ಹಚ್ಚೆ, ಮೂಗಿನ ಪಕ್ಕದ ನರುಲಿ ಎಲ್ಲ ವಾಪಸು ಬಂದು ನಮ್ಮ ಮಾಮಿ ಆದರು. ಕಾಲ್ ಹಾಕಿದೆವು.

ನಂಜಿ ಮುಖವನ್ನು ಸೆಲ್ಲಿಗೆ ಒತ್ತಿ ತಂದರು. ಅಲ್ಲಿ ಅವರ ಹೆಬ್ಬೆರಳು ದೊಡ್ಡದಾಗಿ ಕಂಡಿತು, ಗಾಜಿನ ಮೇಲೆ ಮಾಮಿಯ ಹಚ್ಚೆಯನ್ನು ಸವರುತ್ತಿತ್ತು.

"ಅಕ್ಕ," ಎಂದರು.

"ಹೂಂ," ಎಂದರು ಮಾಮಿ.

"ಊಟ ಆಯ್ತಾ?"

"ಆಯ್ತು. ನಿಂದು?"

"ಆಯ್ತು. ಅಲ್ಲಿ ಮಳೆಯಾ?"

"ಮಳೆ."

ಅಷ್ಟೇ. ಇಬ್ಬರೂ ಕಲ್ಲಿನ ಹಾಗೆ ಕೂತರು. ಮಾತಾಡಿ ಮಾಮಿ, ಏನಾದರೂ ಹೇಳಿ ಎಂದು ನಾನು ಹಿಂದಿನಿಂದ ಚುಚ್ಚಿದೆ. ಮಾಮಿಯ ಬಾಯಿ ತೆರೆಯಿತು, ಮುಚ್ಚಿತು. ನನ್ನನ್ನು ಬೈಯಲು ಮಾತಿಗೆ ಬರವೇ ಇರದ ಬಾಯಿ ಅದು! ಆ ಕಡೆ ನಂಜಿ ತಲೆ ತಗ್ಗಿಸಿ ಸೆರಗು ಸುತ್ತುತ್ತಿದ್ದರು. ಆಮೇಲೆ ಅವರು ಮಲರ್‌ಕೊಡಿಯ ಕಡೆ ತಿರುಗಿ ಪಿಸುಗುಟ್ಟಿದ್ದು ನಮಗೆಲ್ಲ ಕೇಳಿಸಿತು. "ಅಕ್ಕ ಬಂದರೆ ಟೀಚರಮ್ಮ ಬರೋದಿಲ್ಲವಾ?"

ಮಾಮಿ ಸರಣ್ಯಾಳ ಕೈ ಹಿಡಿದರು. "ಅದನ್ನ ಮತ್ತೆ ಹಾಕು."

"ಹೆತ್ತೆ, ಈಗ ತಾನೇ ಗುರುತು ಹಿಡಿದಿದ್ದಾರೆ! ಅದನ್ನ ಹಾಕಿದರೆ ನೀವು ಯಾರು ಅಂತ ಗೊತ್ತಾಗೋದಿಲ್ಲ."

"ಗೊತ್ತಾಯ್ತಲ್ಲ, ಸಾಕು. ಹಾಕು."

ಸರಣ್ಯಾ ನನ್ನ ಮುಖ ನೋಡಿದಳು. ನಾನು ಹಾಕು ಎಂದು ಸನ್ನೆ ಮಾಡಿದೆ. ಬೆರಳು ಆಡಿತು, ಹಚ್ಚೆ ಹೋಯಿತು, ಸುಕ್ಕು ಹೋಯಿತು. ಮಾಮಿಯ ಕಣ್ಣಿಂದ ನೀರು ಸುರಿಯುತ್ತಿತ್ತು. ನಾನೂ ಅಳುತ್ತಿದ್ದೆ, ಯಾಕೆ ಸುಳ್ಳು ಹೇಳಲಿ.

ನಂಜಿಯ ಮುಖ ಅರಳಿತು. "ಬನ್ನಿ ಟೀಚರಮ್ಮ, ಬನ್ನಿ! ಸ್ವಲ್ಪ ಮುಂಚೆ ಬರಬೇಕಿತ್ತು ನಿಂಗ. ಈಗ ತಾನೇ ಎನ್ನ ಅಕ್ಕ ಬಂದು ಹೋದಳು."

"ಹೌದಾ?" ಎಂದರು ಮಾಮಿ. "ಏನಂದಳು?"

"ಏನೂ ಅನ್ನಲಿಲ್ಲೆ. ಅವಳು ಹಾಗೇ. ಆದರೆ ಬಂದಳಲ್ಲ ಟೀಚರಮ್ಮ, ಇಷ್ಟು ದೂರ!"