ಮನೆಯವರು ಕೊನೆಯ ಪಂಕ್ತಿಗೆ

ಕಳೆದ ವಾರ ಕುಶಾಲನಗರದ ಬಸ್ ನಿಲ್ದಾಣದ ಹತ್ತಿರ ಚಪ್ಪಲಿಯ ಬಾರು ಹೊಲಿಸಲು ನಿಂತಿದ್ದೆ. ಹೊಲಿಯುವವರು ನನ್ನ ಚಪ್ಪಲಿ ಕೈಗೆತ್ತಿಕೊಳ್ಳುವ ಮೊದಲು ಯಾರದೋ ಹಳೆಯ ಬೂಟಿಗೆ ಬಟ್ಟೆಯ ಚೂರಿನಿಂದ ಹರಳೆಣ್ಣೆ ತಿಕ್ಕುತ್ತಿದ್ದರು. ಬೂಷ್ಟು ಹಿಡಿದ ಚರ್ಮ, ಅದರ ಮೇಲೆ ಹರಳೆಣ್ಣೆ... ಯಾರಿಗೂ ಇಷ್ಟವಾಗುವ ವಾಸನೆಯಲ್ಲ. ಪಕ್ಕದಲ್ಲಿದ್ದ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡರು. ನಾನು ಮಾತ್ರ ಇನ್ನೂ ಸ್ವಲ್ಪ ಹತ್ತಿರ ಸರಿದು ನಿಂತೆ. ನನ್ನ ಹೈಸ್ಕೂಲಿನ ಪಿ.ಟಿ. ಟೀಚರ ಕೈ ಯಾವಾಗಲೂ ಹೀಗೇ ನಾರುತ್ತಿತ್ತು.

ನಮ್ಮ ಶಾಲೆಯಲ್ಲಿ ಸಾಫ್ಟ್‌ಬಾಲ್ ಆಡುವುದಕ್ಕೆ ಒಂದು ಮೂಟೆ ಗ್ಲೌಸುಗಳಿದ್ದವು, ಎಲ್ಲ ಹಳೆಯವು. ಜೂನ್ ಬಂದರೆ ಸಾಕು, ಅವುಗಳ ಮೇಲೆ ಹಸಿರು ಬೂಷ್ಟು ಏಳುತ್ತಿತ್ತು. ಟೀಚರ್ ಅವನ್ನೆಲ್ಲ ಬಿಸಿಯೂಟದ ಕೋಣೆಯ ಒಲೆಯ ಮೇಲೆ ದಾರ ಕಟ್ಟಿ ನೇತುಹಾಕಿ ಒಣಗಿಸಿ, ಶನಿವಾರ ನಮ್ಮನ್ನು ಸುತ್ತ ಕೂರಿಸಿಕೊಂಡು ಹರಳೆಣ್ಣೆ ತಿಕ್ಕಿಸುತ್ತಿದ್ದರು. ಹೀಗಾಗಿ ನಮ್ಮ ಗ್ಲೌಸುಗಳಿಗೆ ಹೊಗೆ, ಎಣ್ಣೆ, ಸಾಂಬಾರಿನ ಒಗ್ಗರಣೆ ಎಲ್ಲ ಸೇರಿ ಒಂದು ವಾಸನೆ. ಬ್ಯಾಟ್ ಹಿಡಿದವರ ಹಿಂದೆ ಕೂತು ಬಾಲ್ ಹಿಡಿಯುವ ಕ್ಯಾಚರ್ ಆಗಿದ್ದ ದೇಚಮ್ಮ, ಹಂದಿಯ ಕೊಬ್ಬು ಹಚ್ಚಿದರೆ ಚರ್ಮ ಬೆಣ್ಣೆಯ ಹಾಗಾಗುತ್ತದೆ ಎಂದು ತನ್ನ ಅಜ್ಜಿ ಹೇಳಿದ್ದನ್ನು ಒಂದು ದಿನ ವರದಿ ಮಾಡಿದಳು. ಟೀಚರ್ ಶನಿವಾರಸಂತೆ ಕಡೆಯ ಲಿಂಗಾಯತರ ಮನೆಯವರು, ಮೊಟ್ಟೆಯನ್ನೂ ಮುಟ್ಟಿದವರಲ್ಲ. "ಮನೇಲಿ ಹಚ್ಕಂಡು ಬಾ. ಏನು ಹಚ್ಚಿದ್ಯಾ ಅಂತ ನಾನು ಕೇಳಲ್ಲ, ನೀನೂ ಹೇಳ್ಬೇಡ" ಅಂದರು. ಆಮೇಲೆ ದೇಚಮ್ಮನ ಗ್ಲೌಸನ್ನು ಮಾತ್ರ ಎರಡು ಬೆರಳಲ್ಲಿ ಎತ್ತಿ ಇಡುತ್ತಿದ್ದರು.

ಕೊಡಗಿನಲ್ಲಿ ಹಾಕಿ ಬಿಟ್ಟು ಸಾಫ್ಟ್‌ಬಾಲ್ ಯಾರಾಡುತ್ತಾರೆ ಎಂದು ಕೇಳುವವರಿಗೆ ಉತ್ತರ ಸುಲಭ. ಹಾಕಿಗೆ ಬೇಡವಾದವರು. ಶಾಲೆಯ ಹಾಕಿ ತಂಡದ ಆಯ್ಕೆ ಮುಗಿದ ಮೇಲೆ ಮೈದಾನದ ಅಂಚಿನಲ್ಲಿ ಮುಖ ಊದಿಸಿಕೊಂಡು ನಿಂತವರನ್ನೆಲ್ಲ ಟೀಚರ್ ಕರೆದು ಸಾಲಾಗಿ ನಿಲ್ಲಿಸಿದ್ದರು. ಮೈಸೂರಿನಲ್ಲಿ ದೈಹಿಕ ಶಿಕ್ಷಣ ಓದುವಾಗ ಅವರು ಕಲಿತಿದ್ದ ಆಟ ಅದು. ಹಾಕಿಯವರು ನಮ್ಮನ್ನು "ಬಟ್ಟೆ ಒಗೆಯೋ ಪಾರ್ಟಿ" ಎಂದು ರೇಗಿಸುತ್ತಿದ್ದರು. ಬ್ಯಾಟು ಬೀಸುವುದು ಹಾಗೇ ಕಾಣುತ್ತಿತ್ತು, ಸುಳ್ಳು ಹೇಳಬಾರದು.

ಬಾಲ್ ಹಾಕುವುದು ನನ್ನ ಕೆಲಸ. ಕ್ರಿಕೆಟ್ಟಿನ ಬೌಲರ್ ಇದ್ದ ಹಾಗೆ, ಆದರೆ ಕೈಯನ್ನು ಸೊಂಟದ ಕೆಳಗಿನಿಂದ ಬೀಸಬೇಕು. ಹಾಸನದ ಕಡೆಯಿಂದ ಬಂದು ಇಲ್ಲಿ ಜಮೀನು ಮಾಡಿದ್ದ ನಮ್ಮ ಮನೆಯಲ್ಲಿ ಬಾವಿಯಿಂದ ನೀರು ಸೇದುತ್ತಿದ್ದವಳು ನಾನೇ. ಭುಜ ಗಟ್ಟಿಯಿತ್ತು. ತಂಡದಲ್ಲಿ ನನ್ನನ್ನು ಬಿಟ್ಟರಿಲ್ಲ ಎಂಬ ಜಂಬವೂ ಗಟ್ಟಿಯಾಗೇ ಇತ್ತು. ಆ ಜಂಬ ಇಳಿದದ್ದು ಮೊದಲ ಪಂದ್ಯದ ಬೆಳಿಗ್ಗೆ.

ಪಂದ್ಯದ ದಿನ ಟೀಚರ್ ಮನೆಯಲ್ಲೇ ಚಿತ್ರಾನ್ನ ಕಲಸಿ ಬಕೆಟ್ಟಿನಲ್ಲಿ ತರುತ್ತಿದ್ದರು. ನಾವು ಸಾಲಾಗಿ ಕೂತೆವು. ನಾನು ಎಲ್ಲರಿಗಿಂತ ಮೊದಲು ತಟ್ಟೆ ಹಿಡಿದು ಕೂತಿದ್ದೆ. ಟೀಚರ್ ಬಂದು ನನ್ನ ರಟ್ಟೆ ಹಿಡಿದು ಎಬ್ಬಿಸಿ ಬಕೆಟ್ ಕೈಗೆ ಕೊಟ್ಟರು.

"ನೀನು ಮನೆಯೋಳು ಕಣೇ. ಮನೆಯೋರು ಕೊನೆ ಪಂಕ್ತಿ. ಬಡ್ಸು."

ಊಟಕ್ಕಷ್ಟೇ ಈ ಮಾತು ಎಂದುಕೊಂಡೆ. ಮೈದಾನಕ್ಕೆ ಹೋದ ಮೇಲೆ ಗೊತ್ತಾಯಿತು, ಮೊದಲ ಪಂಕ್ತಿಯಲ್ಲಿ ಉಂಡವರೇ ಮೊದಲು ಆಡುವವರು. ಬಾಲ್ ಕಂಡರೆ ಕಣ್ಣು ಮುಚ್ಚುವವರು, ಓಡುವಾಗ ಲಂಗ ತುಳಿಯುವವರು, ಇಂಥವರೇ ಮೈದಾನಕ್ಕಿಳಿಯುವ ಮೊದಲ ಒಂಬತ್ತು ಜನ. ನಾನು, ದೇಚಮ್ಮ, ನೆಲ್ಯಹುದಿಕೇರಿಯಿಂದ ಬರುತ್ತಿದ್ದ ಸಫಿಯಾ, ನಾವು ಗಟ್ಟಿಗರೆಲ್ಲ ಬೆಂಚಿನಲ್ಲಿ ಕೂತು ನಮ್ಮವರು ರನ್ ಮೇಲೆ ರನ್ ಕೊಡುವುದನ್ನು ಹಲ್ಲು ಕಚ್ಚಿ ನೋಡಬೇಕು. ಎದುರು ತಂಡದವರು ನಗುತ್ತಿದ್ದರು. ಆಟಕ್ಕೆ ಏಳು ಇನ್ನಿಂಗ್ಸ್, ಅದರಲ್ಲಿ ಎರಡು ಮೂರು ಕಳೆದ ಮೇಲೆ ಟೀಚರ್ ಮನೆಯವರನ್ನು ಒಬ್ಬೊಬ್ಬರನ್ನಾಗಿ ಇಳಿಸುತ್ತಿದ್ದರು. ಹೋದ ರನ್ನುಗಳನ್ನು ತೀರಿಸಿ ಗೆಲ್ಲುವುದು ನಮ್ಮ ಕರ್ಮ. ಹೆಚ್ಚಿನ ಸಲ ಗೆದ್ದೆವು ಕೂಡ.

ಯಾಕೆ ಹೀಗೆ ಎಂದು ದೇಚಮ್ಮ ಕೇಳಿದ್ದಳು. "ಆಟ ಬರೋರಿಗೆ ಕಾಯೋ ತ್ರಾಣ ಇರುತ್ತೆ. ಬರ್ದೇ ಇರೋಳನ್ನ ಕಾಯ್ಸಿ ನೋಡು, ಹೊತ್ತು ಹೋದಷ್ಟೂ ಕೈ ನಡುಗುತ್ತೆ" ಎಂದರು ಟೀಚರ್. ಇನ್ನೊಂದು ಲೆಕ್ಕವೂ ಇತ್ತು. ಈ ಆಟದಲ್ಲಿ, ಮೊದಲೇ ಇಳಿದವರು ಹೊರಗೆ ಬಂದರೆ ಒಂದು ಸಲ ಮತ್ತೆ ಒಳಗೆ ಹೋಗಬಹುದು. ಆಮೇಲೆ ಬದಲಿಯಾಗಿ ಇಳಿದವರಿಗೆ ಆ ಸೌಲಭ್ಯವಿಲ್ಲ. ಅದನ್ನೂ ಅವರು ಪಂಕ್ತಿಯ ಭಾಷೆಯಲ್ಲೇ ಕಲಿಸಿದರು. ಕೊನೆಯ ಪಂಕ್ತಿಯವರು ಒಮ್ಮೆ ಕೈ ತೊಳೆದರೆ ಮುಗಿಯಿತು, ಮತ್ತೆ ಕೂರುವ ಹಾಗಿಲ್ಲ.

ಸಾಲಿನಲ್ಲಿ ಯಾವಾಗಲೂ ಒಂದು ತಟ್ಟೆಯ ಮುಂದೆ ಜನ ಇರುತ್ತಿರಲಿಲ್ಲ. ಅದು ಗೌರಿಯದು. ಗೌರಿಯ ಮನೆ ದುಬಾರೆಯಲ್ಲಿ, ಹೊಳೆಯ ಆಚೆ. ಅವಳಪ್ಪ ಅಲ್ಲಿನ ಆನೆಗಳನ್ನು ನೋಡಿಕೊಳ್ಳುವ ಕಾವಾಡಿ. ಹಾಸ್ಟೆಲಿನಲ್ಲಿ ಇರಬಹುದಿತ್ತು, ಆದರೆ ಕಣ್ಣು ಕಾಣದ ಅಜ್ಜಿಯನ್ನು ನೋಡಿಕೊಳ್ಳುವವರು ಬೇರೆ ಇರಲಿಲ್ಲ. ಮಳೆಗಾಲದಲ್ಲಿ ಕಾವೇರಿ ಏರಿದರೆ ದೋಣಿ ನಿಲ್ಲುತ್ತಿತ್ತು, ಗೌರಿಯೂ ಅಲ್ಲೇ ನಿಲ್ಲುತ್ತಿದ್ದಳು. ನಮ್ಮ ಪಂದ್ಯಗಳಿಗೂ ಮಳೆಗೂ ಏನು ನೆಂಟಸ್ತಿಕೆಯೋ, ಪ್ರತಿ ಪಂದ್ಯದ ದಿನವೂ ಹೊಳೆ ತುಂಬಿರುತ್ತಿತ್ತು. ಮೂರು ವರ್ಷ ತಂಡದಲ್ಲಿದ್ದು ಗೌರಿ ಒಂದೇ ಒಂದು ಪಂದ್ಯ ಆಡಿರಲಿಲ್ಲ. ಪ್ರಾಕ್ಟೀಸಿಗೆ ಬಂದ ಅಲ್ಪ ದಿನಗಳಲ್ಲಿ ಎಲ್ಲ ಕಲಿಸಲು ಆಗದು ಎಂದು ಟೀಚರ್ ಅವಳಿಗೆ ಬಾಲ್ ಹಾಕುವುದೊಂದನ್ನೇ ಕಲಿಸಿದ್ದರು. ಒಂದು ಹಳೆಯ ಬಾಲನ್ನು ಮನೆಗೇ ಕೊಟ್ಟಿದ್ದರು. ಆಚೆ ದಡದಲ್ಲಿ ಅವಳು ಒಬ್ಬಳೇ ಮರದ ಬುಡಕ್ಕೆ ಹಾಕಿ ಹಾಕಿ ಕಲಿಯುತ್ತಿದ್ದಳಂತೆ.

ಟೀಚರ್ ಅವಳ ತಟ್ಟೆಗೂ ಬಡಿಸಲು ಹೇಳುತ್ತಿದ್ದರು. ಅವಳು ಬಾರದೆ, ಕೊನೆಗೆ ಅದನ್ನು ತಾವೇ ಉಣ್ಣುತ್ತಿದ್ದರು. ಪ್ರಾಕ್ಟೀಸಿಗೇ ಬಾರದವಳಿಗೆ ಸರದಿ ಯಾಕೆ ಎಂದು ಯಾರೋ ಗೊಣಗಿದಾಗ ಅವರಿಗೆ ಸಿಟ್ಟು ಬಂದದ್ದನ್ನು ನೋಡಿದ್ದೇನೆ. "ಹೊಳೆ ಏನು ಅವಳನ್ನ ಕೇಳಿ ಉಕ್ಕುತ್ತೇನೇ? ಅವಳ ಸರದಿ ಹಂಗೇ ಇದೆ. ಬಂದ ದಿನ ಆಡ್ತಾಳೆ."

ಹತ್ತನೇ ತರಗತಿಯಲ್ಲಿ ನಾವು ಜಿಲ್ಲೆಯ ಫೈನಲ್ ತಲುಪಿದೆವು. ಗೆದ್ದರೆ ಮೈಸೂರು ವಿಭಾಗಕ್ಕೆ. ಸೋತರೆ ಹೈಸ್ಕೂಲಿನ ಆಟ ಅಲ್ಲಿಗೆ ಮುಗಿಯಿತು, ಗೌರಿಯದೂ. ಮಡಿಕೇರಿಯ ಮೈದಾನದಲ್ಲಿ ಆಟ. ಆ ಬೆಳಿಗ್ಗೆಯೂ ಹೊಳೆ ಏರಿತ್ತು. ವ್ಯಾನು ಕಾದು ಕಾದು ಗೌರಿ ಇಲ್ಲದೆ ಹೊರಟಿತು. ಟೀಚರ್ ದಾರಿಯುದ್ದಕ್ಕೂ ಕಿಟಕಿಯಿಂದ ಆಕಾಶ ನೋಡುತ್ತಿದ್ದರು. ಮಡಿಕೇರಿಯಲ್ಲಿ ಮಂಜು ಎಷ್ಟಿತ್ತೆಂದರೆ ದೂರದ ಫೀಲ್ಡರುಗಳು ಇದ್ದಾರೋ ಮನೆಗೆ ಹೋಗಿದ್ದಾರೋ ಎಂದು ಕೂಗಿ ಕೇಳಬೇಕಿತ್ತು.

ಎಂದಿನಂತೆ ಮೊದಲ ಪಂಕ್ತಿಯವರು ಮೂರು ರನ್ ಕೊಟ್ಟರು, ನಾವು ಇಳಿದು ತೀರಿಸಿದೆವು. ಐದು ಇನ್ನಿಂಗ್ಸ್ ಮುಗಿಯುವ ಹೊತ್ತಿಗೆ ಒಂದು ರನ್ ಮುಂದಿದ್ದೆವು. ಇನ್ನೆರಡೇ ಬಾಕಿ. ನನ್ನ ಕೈ ಆ ದಿನ ಹೇಳಿದ ಹಾಗೆ ಕೇಳುತ್ತಿತ್ತು. ನಾವು ಬ್ಯಾಟಿಂಗಿಗೆ ಬಂದಾಗ ನೋಡುತ್ತೇನೆ, ಬೆಂಚಿನ ಹಿಂದೆ ಗೌರಿ ನಿಂತಿದ್ದಾಳೆ. ಮೊಣಕಾಲ ತನಕ ಒದ್ದೆ. ನೀರು ತುಸು ಇಳಿದಾಗ ಅವಳಪ್ಪ ದೋಣಿಯಲ್ಲಿ ದಾಟಿಸಿ ಬಸ್ಸು ಹತ್ತಿಸಿದ್ದರು. ಟೀಚರ್ ಮುಚ್ಚಿಟ್ಟಿದ್ದ ತಟ್ಟೆಯನ್ನು ಅವಳ ಕೈಗೆ ಕೊಟ್ಟರು. ಆ ಹುಡುಗಿ ನಿಂತುಕೊಂಡೇ ಗಬಗಬ ತಿಂದಳು.

ಆಮೇಲೆ ಟೀಚರ್ ಅಂಪೈರ್ ಬಳಿ ಹೋಗಿ ನನ್ನನ್ನು ತೆಗೆದು ಗೌರಿಯನ್ನು ಹಾಕಿದರು. ಗೌರಿಗೆ ಬರುತ್ತಿದ್ದದ್ದು ಬಾಲ್ ಹಾಕುವ ನನ್ನ ಜಾಗವೊಂದೇ. ನಾನು ಬದಲಿಯಾಗಿ ಇಳಿದವಳು, ಹೊರಬಂದರೆ ಮತ್ತೆ ಹೋಗುವಂತಿಲ್ಲ. ನನಗೆ ಅಳು ಬಂತು.

"ಸೋಲ್ತೀವಿ ಟೀಚರ್."

"ಸೋಲ್ಬೌದು" ಎಂದರು. ನನ್ನ ತಲೆಯ ಮೇಲೆ ಕೈ ಇಟ್ಟರು. ಆ ಹರಳೆಣ್ಣೆಯ ಕೈ... "ಆದ್ರೆ ಇವತ್ತು ಹೊಳೆ ಬಿಟ್ಟಿದೆ. ನಾನು ಬಿಡ್ಲಿಲ್ಲ ಅಂದ್ರೆ ಹೆಂಗೆ?"

ಗೌರಿಯ ಮೊದಲ ಬಾಲುಗಳು ಎತ್ತೆತ್ತಲೋ ಹೋದವು. ನಾಲ್ಕು ತಪ್ಪಾದರೆ, ರನ್ನಿಗಾಗಿ ಸುತ್ತಿ ಬರಬೇಕಾದ ನಾಲ್ಕು ಬೇಸುಗಳಲ್ಲಿ ಒಂದು ಎದುರಿನವಳಿಗೆ ಬಿಟ್ಟಿ. ಹಾಗೆ ಬಿಟ್ಟಿಯಾಗಿ ಇಬ್ಬರು ಬೇಸಿಗೆ ಹೋದರು, ದೇಚಮ್ಮನಿಗೂ ಸಿಗದ ಬಾಲುಗಳಲ್ಲಿ ಅವರಲ್ಲೊಬ್ಬಳು ಓಡಿ ಒಂದು ರನ್ನೂ ಹೋಗಿ ಸಮವಾಯಿತು. ಟೀಚರ್ ನನ್ನ ಕೈಗೆ ನೀರಿನ ಕ್ಯಾನ್ ಕೊಟ್ಟು ಕಳಿಸಿದರು. ಸಿಟ್ಟಿನಲ್ಲೇ ಹೋದೆ. ಹತ್ತಿರ ಹೋದಾಗ ಕಂಡಿತು, ಅವಳು ಬಾಲನ್ನು ಎರಡು ಕೈಯಲ್ಲೂ ಎದೆಗೆ ಒತ್ತಿ ಹಿಡಿದಿದ್ದಳು. ನನ್ನ ಸಿಟ್ಟು ಎಲ್ಲಿಗೆ ಹೋಯಿತೋ ಗೊತ್ತಿಲ್ಲ. "ಮಾರಾಯ್ತಿ, ಬ್ಯಾಟ್ ಹಿಡಿದವಳನ್ನು ನೋಡ್ಬೇಡ, ದೇಚಮ್ಮನ ಗ್ಲೌಸ್ ನೋಡು. ಅದೇ ನಿನ್ನ ಮರ ಅಂದ್ಕೊ" ಎಂದೆ. ಅವಳು ನೀರು ಕುಡಿದು ತಲೆಯಾಡಿಸಿದಳು. ಮುಂದೆ ಬಂದದ್ದು ಅವರ ಕ್ಯಾಪ್ಟನ್, ಬೆಳಗಿನಿಂದ ನಮ್ಮನ್ನು ಚಚ್ಚಿದವಳು. ಗೌರಿ ಹಾಕಿದ ಮೂರು ಬಾಲಿಗೂ ಬ್ಯಾಟು ಗಾಳಿಯನ್ನಷ್ಟೇ ಹೊಡೆಯಿತು, ಮೂರು ತಪ್ಪಿದರೆ ಔಟ್. ನಾನು ಬೆಂಚಿನ ಮೇಲೆ ಹತ್ತಿ ಕುಣಿದೆ.

ಕೊನೆಯ ಇನ್ನಿಂಗ್ಸಿನಲ್ಲಿ ನಮಗೆ ರನ್ ಬರಲಿಲ್ಲ. ಅವರ ಸರದಿಯಲ್ಲಿ ಒಬ್ಬಳು ಮೂರನೇ ಬೇಸ್ ತಲುಪಿದಳು, ಅವಳು ಕೊನೆಯ ಬೇಸಾದ ಮನೆ ಮುಟ್ಟಿದರೆ ರನ್, ಆಟ ಮುಗಿಯಿತು. ಒಳಗಿದ್ದ ಸಫಿಯಾಳಿಗೂ ಅಲ್ಪಸ್ವಲ್ಪ ಬಾಲ್ ಹಾಕಲು ಬರುತ್ತಿತ್ತು. ಜಾಗ ಬದಲಿಸಲು ಯಾವ ಅಡ್ಡಿಯೂ ಇರಲಿಲ್ಲ. ನಮ್ಮ ಜತೆ ಬಂದಿದ್ದ ಶಾಲೆಯ ಕಾರ್ಯದರ್ಶಿಗಳು ಅದನ್ನೇ ಕೂಗಿ ಕೂಗಿ ಹೇಳಿದರು. ಟೀಚರ್ ಕೇಳಿಸಿಕೊಂಡರು, ಕೈ ಕಟ್ಟಿ ನಿಂತರು. ಗೌರಿ ಬಾಲ್ ಹಾಕಿದಳು. ಎದುರಿನವಳು ಹೊಡೆದಳು. ಬಾಲು ಸಫಿಯಾಳ ಪಕ್ಕದಿಂದ ಮಂಜಿನೊಳಗೆ ಹೋಯಿತು...

ರೂಲ್ಸ್ ಗೊತ್ತಿಲ್ಲದವರು ಯಾಕೆ ಟೀಮ್ ಕಟ್ಟಬೇಕು ಎಂದು ಕಾರ್ಯದರ್ಶಿಗಳು ಎಲ್ಲರೆದುರು ರೇಗಿದರು. "ರೂಲ್ಸ್ ಗೊತ್ತಿತ್ತು ಸಾರ್" ಎಂದಷ್ಟೇ ಹೇಳಿ ಟೀಚರ್ ಬಕೆಟ್ ತೊಳೆಯಲು ಹೋದರು. ವ್ಯಾನಿನಲ್ಲಿ ನಾನು ಕಿಟಕಿಯ ಕಡೆ ಮುಖ ತಿರುಗಿಸಿ ಕೂತೆ. ಆದರೆ ಕುಶಾಲನಗರ ಬರುವ ಮೊದಲೇ ಟೀಚರ ಹೆಗಲ ಮೇಲೆ ತಲೆಯಿಟ್ಟು ನಿದ್ದೆಹೋಗಿದ್ದೆ ಎಂದು ದೇಚಮ್ಮ ಇವತ್ತಿಗೂ ಆಡಿಕೊಳ್ಳುತ್ತಾಳೆ.

ನಾವು ಕಾಲೇಜಿಗೆ ಹೋದ ಮೇಲೂ ಕೆಲವು ವರ್ಷ ಆ ತಂಡ ಇತ್ತು. ಟೀಚರಿಗೆ ವರ್ಗವಾದ ಮೇಲೆ ಆಡಿಸುವವರಿಲ್ಲದೆ ನಿಂತುಹೋಯಿತು. ನಿವೃತ್ತರಾಗಿ ಊರಿಗೆ ಹೋದರು ಎಂದು ಕೇಳಿದ್ದೆ. ಒಮ್ಮೆ ಹೋಗಿ ಮಾತಾಡಿಸಿಕೊಂಡು ಬಂದಿದ್ದೆ, ಆಗ ಮಂಡಿನೋವು, ಮಾತು ಮಾತ್ರ ಹಾಗೇ ಇತ್ತು. ಈ ವರ್ಷ ಮಳೆ ಬಿಡುವ ಹೊತ್ತಿಗೆ ತೀರಿಕೊಂಡರಂತೆ. ದೇಚಮ್ಮ ಫೋನ್ ಮಾಡಿ ಹೇಳುವಾಗ ಎಲ್ಲ ಮುಗಿದು ತಿಂಗಳಾಗಿತ್ತು.

ಗೌರಿಗೆ ಯಾರೂ ಹೇಳಿರಲಾರರು ಅನ್ನಿಸಿತು. ಚಪ್ಪಲಿ ಹೊಲಿಸಿಕೊಂಡ ಮಾರನೆಯ ದಿನವೇ ದುಬಾರೆಗೆ ಹೋದೆ. ಈಗ ಅವಳು ಹೊಳೆಯ ಈಚೆ ದಡದಲ್ಲಿ ರ‍್ಯಾಫ್ಟಿಂಗಿಗೆ ಬರುವ ಪ್ರವಾಸಿಗರಿಗೆ ಲೈಫ್ ಜಾಕೆಟ್ ಕಟ್ಟಿ ಕಳಿಸುವ ಕೆಲಸದಲ್ಲಿದ್ದಾಳೆ. ವಿಷಯ ಹೇಳಿದೆ. ಕೈಯಲ್ಲಿದ್ದ ಜಾಕೆಟ್ಟನ್ನು ಪಕ್ಕದವಳಿಗೆ ಕೊಟ್ಟು ಬಂದು ಮೆಟ್ಟಿಲ ಮೇಲೆ ಕೂತಳು. ನಾನೂ ಪಕ್ಕದಲ್ಲಿ ಕೂತೆ. ಫೈನಲಿನಲ್ಲಿ ಎದುರು ತಂಡದ ಕ್ಯಾಪ್ಟನ್ ಔಟಾದದ್ದು ನೆನಪಿದೆಯಾ ಎಂದು ನಾನೇ ಕೇಳಿದೆ, ಅವಳಿಗೆ ಸಮಾಧಾನವಾಗಲಿ ಎಂದು.

"ಅದು ಅಷ್ಟು ನೆನಪಿಲ್ಲ" ಅಂದಳು ಗೌರಿ. "ಕೊನೇ ಬಾಲ್ ನೆನಪುಂಟು. ಸೆಕ್ರೆಟರಿ ಸಾರ್ ಕೂಗ್ತಾ ಇದ್ರಲ್ಲ, ಇವಳನ್ನ ತೆಗೀರಿ ಅಂತ. ನಾನು ಟೀಚರ್ ಕಡೆ ನೋಡ್ದೆ. ತೆಗೀತಾರೆ ಅಂದ್ಕೊಂಡೆ. ಅವ್ರು ನನ್ನ ನೋಡಿ ಹೂಂ ಅಂದ್ರು, ಹಾಕು ಅಂತ." ಕಣ್ಣೊರೆಸಿಕೊಂಡಳು. "ಸೋಲೋ ಬಾಲನ್ನೂ ನನ್ನ ಕೈಲೇ ಹಾಕ್ಸಿದ್ರು. ಆಮೇಲೆ ಯಾರೂ ನನ್ನ ಅಷ್ಟು ನಂಬ್ಲಿಲ್ಲ."

ನಾನು ಅವಳ ಕೈ ಹಿಡಿದುಕೊಂಡೆ. ಟೀಚರ್ ಇನ್ನೊಂದೆರಡು ತಿಂಗಳು ಇದ್ದಿದ್ದರೆ ಗೌರಿಯನ್ನು ಕರೆದುಕೊಂಡು ಶನಿವಾರಸಂತೆಗೆ ಹೋಗಿ, ಈ ಮಾತನ್ನು ಅವರ ಎದುರೇ ಹೇಳಿಸುತ್ತಿದ್ದೆ.