ಹೊಸ ತೆಪ್ಪಕ್ಕೆ ಅರಿಸಿನ

ಹೊಸ ತೆಪ್ಪ ಬರುವುದು ಕಂಡಿದ್ದೇ ಒಗೆಯುತ್ತಿದ್ದ ಬಟ್ಟೆ ಎತ್ತಿಕೊಂಡು ಪಕ್ಕಕ್ಕೆ ಸರಿದೆ. ಮಳವಳ್ಳಿ ಕಡೆಯ ನಮ್ಮೂರ ಕೆರೆಯಲ್ಲಿ ತೆಪ್ಪ ಇಳಿಸಲು ಇರುವುದು ನಾನು ಬಟ್ಟೆ ಒಗೆಯುವ ಆ ಒಂದೇ ಸಿಮೆಂಟಿನ ಇಳಿಜಾರು. ಹೊಸ ತೆಪ್ಪಕ್ಕೆ ಮುತ್ತೈದೆಯೇ ಅರಿಸಿನ ಕುಂಕುಮ ಹಚ್ಚಬೇಕು. ನಾನು ಗಂಡ ಸತ್ತವಳು, ಎದುರಿಗೂ ಇರಬಾರದು.

ಮೀನು ಹಿಡಿಯುವ ಕುಮಾರ ತಲೆ ಮೇಲಿಂದ ಬುಟ್ಟಿಯಂಥ ತೆಪ್ಪ ಇಳಿಸಿದ. ಅವನ ಹೆಂಡತಿ ಸವಿತಾ ಅರಿಸಿನದ ಬಟ್ಟಲು ತಂದು ನನ್ನ ಕೈಗೇ ಕೊಟ್ಟಳು.

“ನನ್ ಕೈಲಿ ಬ್ಯಾಡ ಕಣವ್ವ. ನಾಳೆ ನಿನ್ ಗಂಡುಂಗೆ ಏನಾರ ಆದ್ರೆ ಊರೋರು ನನ್ನೇ ಅಂತಾರೆ,” ಎಂದೆ.

“ದಿನಾ ಬಟ್ಟೆ ಒಗೆಯೋಕ್ಮುಂಚೆ ಪಾಚಿ ಉಜ್ಜಿ, ಇವರು ಜಾರ್ದಂಗೆ ನೋಡ್ಕಳೋಳು ನೀನು. ನಿನ್ನ ಬುಟ್ಟು ಇನ್ಯಾರ್ನ ಕರೀಲಿ? ಸುಮ್ಕೆ ಅಚ್ಚು ಬಾರಜ್ಜಿ,” ಎಂದಳು.

ಹಚ್ಚಿದೆ. ಕುಮಾರ ನಗುತ್ತಾ ಹುಟ್ಟು ಹಾಕಿಕೊಂಡು ಕೆರೆಯ ನಡುವಿಗೆ ಹೋದ.

ಅವತ್ತು ಬಟ್ಟೆ ಒಣಗಿದರೂ ನಾನು ಮನೆಗೆ ಹೋಗಲಿಲ್ಲ. ಅವನು ದಡ ಮುಟ್ಟಿದ ಮೇಲೆಯೇ ಎದ್ದೆ. ಈಗಲೂ ಅವನು ನೀರಿನಲ್ಲಿದ್ದರೆ ನನ್ನ ಕಣ್ಣು ಅತ್ತಲೇ. ಒಳ್ಳೆ ಕೆಲಸ ಅಂಟಿಸಿದಳು ಆ ಹುಡುಗಿ.