ಇಲ್ಲದ ಸೇತುವೆ

ಬೊರಿವಲಿಯ ಮನೆಯಲ್ಲಿ ದಿನಾ ಬೆಳಿಗ್ಗೆ ಹಿಮಾಚಲದ ಒಂದು ಜಲವರ್ಣ ಚಿತ್ರ ಬರೆಯುತ್ತೇನೆ. ಅಲ್ಲಿಗೆ ಹೋದದ್ದು ನಾನು ಮತ್ತು ತಂಗಿ. ಇಲ್ಲಿ ನಡೆಸುವ ಹೋಟೆಲ್ ಬಿಟ್ಟು ಗಂಡನಿಗೆ ಬರಲಾಗಲಿಲ್ಲ. ಹಿಮದ ಬಿಳುಪಿಗೆಂದು ಕಾಗದವನ್ನು ಅಲ್ಲಲ್ಲಿ ಖಾಲಿ ಬಿಡಬೇಕು. ಮಳೆಗಾಲದಲ್ಲಿ ಒಮ್ಮೆ ಒಣಗದ ಕಂದು ಬಣ್ಣ ಅದರೊಳಗೆ ಹರಿಯಿತು. ಆ ಕಲೆಯನ್ನೇ ಸೇತುವೆ ಮಾಡಿದೆ. ಆಮೇಲೆ ಅದು ಎಲ್ಲ ಚಿತ್ರಗಳಲ್ಲೂ ಬಂತು.

ನಿನ್ನೆ ತಂಗಿ ಬಂದವಳು, "ಈ ಸೇತುವೆ ಎಲ್ಲಿತ್ತಕ್ಕ?" ಎಂದಳು.

"ಇತ್ತಲ್ಲ ಮಾರಾಯ್ತಿ! ದಾಟುವಾಗ ಅಲ್ಲಾಡುತ್ತಿತ್ತು," ಎಂದರು ಇವರು.

"ನೀವು ಯಾವಾಗ ಬಂದದ್ದು ಭಾವ?"

ಇವರ ಮುಖ ಪೆಚ್ಚಾಯಿತು.

"ಹೌದು, ಅಲ್ಲಾಡುತ್ತಿತ್ತು," ಎಂದೆ. ನಿಜವಲ್ಲವೆಂದು ಗೊತ್ತಿದ್ದರೂ ನನಗೂ ನೆನಪಿದ್ದಂತೆಯೇ ಅನಿಸಿತು.

ಇವತ್ತು, ಇವರು ಹಿಡಿದುಕೊಳ್ಳಲೆಂದು, ಸೇತುವೆಗೆ ಹಗ್ಗ ಬರೆದೆ.